ಸತ್ಯಾಂಶ: ನೀರಲ್ಲಿರುವ ಹಾವು ಕಚ್ಚುವುದಿಲ್ಲವೇ?

‘ನೀರಿನೊಳಗೆ ಹಾವು ಬಾಯಿ ತೆರೆದರೆ ನೀರು ನುಗ್ಗಿ ಸಾಯುತ್ತೆ, ಹಾಗಾಗಿ ಕಚ್ಚಲ್ಲ’ ಅನ್ನುವ ಮೆಸೇಜ್ ಮಳೆಗಾಲ ಬಂದರೆ ಸಾಕು, ಮತ್ತೆ ಹರಿದಾಡುತ್ತದೆ. ಇದು ತಪ್ಪು.

ನೀರೊಳ್ಳೆಯನ್ನೇ ನೋಡಿ. ಮೀನು, ಕಪ್ಪೆಗಳನ್ನು ಅದು ಹಿಡಿಯುವುದೇ ನೀರಿನಲ್ಲಿ. ಬಾಯಿ ತೆರೆಯದೆ ಹಿಡಿಯೋದು ಹೇಗೆ, ಅಲ್ವಾ? ಹಾವಿನ ಉಸಿರಾಟದ ರಂಧ್ರ ಬಾಯಿಯ ತಳದಲ್ಲಿದೆ. ಉಸಿರಾಡದಿರುವಾಗ ಅದು ಮುಚ್ಚಿಕೊಂಡಿರುತ್ತದೆ. ನೀರೊಳ್ಳೆಗೆ ವಿಷವಿಲ್ಲ, ಆದರೆ ಕೆಣಕಿದರೆ ಜೋರಾಗಿಯೇ ಕಚ್ಚುತ್ತದೆ. ನಾಗರಹಾವಿಗೂ ಈಜು ಬರುತ್ತದೆ.

ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳಲ್ಲಿ (ರಾಮಪತ್ರೆ ಮರಗಳಿರುವ ಜೌಗು ಕಾಡುಗಳಲ್ಲಿ) ಹಾವು, ಹಲ್ಲಿ ಹುಡುಕಲು ಹೋಗುವವರಿಗೆ ಈ ಮಾತು ಮುಖ್ಯ. ಕೆಸರಿನಿಂದ ಮೇಲೆದ್ದ ಬೇರುಗಳ ಸಂದಿಗೆ ಸುಮ್ನೆ ಕೈ ಹಾಕಬೇಡಿ. ತರಗೆಲೆಯ ಬಣ್ಣದ್ದೇ ಆದ ಗುಳಿಮಂಡಲಗಳು (ಪಿಟ್ ವೈಪರ್ ಎಂಬ ವಿಷದ ಹಾವುಗಳು) ಎದುರಿಗಿದ್ದರೂ ಕಾಣುವುದಿಲ್ಲ. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ 4 ಹಾವುಗಳ ವಿಷಕ್ಕೆ ತಯಾರಾದದ್ದು. ಗುಳಿಮಂಡಲದ ವಿಷಕ್ಕಲ್ಲ.

ಉದ್ದ ಬೂಟು, ಒಳ್ಳೆ ಟಾರ್ಚ್, ಕೈಯಲ್ಲೊಂದು ಕೋಲು ಇರಲಿ. ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಕಚ್ಚಿದರೆ ಕಟ್ಟುವುದು, ಕುಯ್ಯುವುದು ಬೇಡ. ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಿ.