ಹಳೇ ಗಾಡಿ ಅಂದಮೇಲೆ ಆಯಿಲ್ ಸೋರುತ್ತೆ ಅನ್ನುವವರಿಗೆ

ಈಗ ತಾನೇ ಸೀಮೆಎಣ್ಣೆಯಲ್ಲಿ ಕೈ ತೊಳೆದು ಬಂದು ಕೂತಿದ್ದೇನೆ. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಇದೆ. ಆದರೂ ಬರೆಯಲೇಬೇಕು, ಇಲ್ಲದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ನನ್ನ ಹತ್ತಿರ ಅಪ್ಪನ ಅಂಬಾಸಿಡರ್ ಕಾರಿದೆ. 1985ರ ಮಾರ್ಕ್ 4, ಪೆಟ್ರೋಲ್, ಅದೇ 1489 ಸಿಸಿ ಎಂಜಿನ್. ಯುಗಾದಿಗೆ ಮುಂಚೆ ಎಂಜಿನ್ ಪೂರ್ತಿ ಬಿಚ್ಚಿಸಿ ಕೆಲಸ ಮಾಡಿಸಿದೆ. ಬೋರ್, ಹೊಸ ಪಿಸ್ಟನ್, ರಿಂಗ್, ಬೇರಿಂಗ್, ಮೇಲೆ ಹೊಸ ಪೇಂಟ್. ಆ ಫೋಟೋ ಎಲ್ಲರಿಗೂ ತೋರಿಸಿದ್ದೆ. ಮೂರನೇ ದಿನಕ್ಕೆ ಗಾಡಿ ಕೆಳಗೆ ಊಟದ ತಟ್ಟೆಯಷ್ಟಗಲ ಎಣ್ಣೆ ನಿಂತಿತ್ತು ಅನ್ನುವುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ಗ್ಯಾರೇಜಿಗೆ ಫೋನ್ ಮಾಡಿದೆ. "ಹಳೇ ಗಾಡಿ ಅಲ್ವಾ ಸಾರ್, ಸೋರುತ್ತೆ" ಅಂದರು.

ನನ್ನ ಸಿಟ್ಟೆಲ್ಲ ಈ ಒಂದು ಮಾತಿನ ಮೇಲೆ. ಕಬ್ಬಿಣಕ್ಕೆ ವಯಸ್ಸಾಯಿತು ಅಂತ ಎಣ್ಣೆ ಸೋರುವುದಿಲ್ಲ. ಸೋರಬೇಕಾದರೆ ಎಲ್ಲೋ ಒಂದು ದಾರಿ ಇರಬೇಕು, ಎಣ್ಣೆಯನ್ನು ಆ ದಾರಿಗೆ ತಳ್ಳುವ ಕಾರಣ ಒಂದು ಇರಬೇಕು. ಅದನ್ನು ಹುಡುಕಿ ಅಂತಲೇ ಅಲ್ವಾ ನಾವು ದುಡ್ಡು ಕೊಡುವುದು?

ಅವರು ಹುಡುಕಲಿಲ್ಲ, ಬಳಿದರು. ಮೊದಲ ಸಲ ಚೇಂಬರ್ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಬಿಚ್ಚಿ ಕಾರ್ಕ್ ಪ್ಯಾಕಿಂಗ್ ಮೇಲೆ ಸಿಲಿಕಾನ್ ಪೇಸ್ಟ್ ಬಳಿದರು. ಎರಡನೇ ಸಲ ಎಂಜಿನ್ನನ್ನೇ ಇಳಿಸಿ ಹಿಂದಿನ ಬೇರಿಂಗ್ ಕ್ಯಾಪ್ ಸುತ್ತ ಇನ್ನಷ್ಟು ಬಳಿದರು. ಚೇಂಬರ್ ಅಂಚಿನಿಂದ ಪೇಸ್ಟ್ ಬೆರಳು ದಪ್ಪ ಆಚೆ ಬಂದಿತ್ತು. ಆಚೆ ಅಷ್ಟು ಬಂದಿದೆ ಅಂದರೆ ಒಳಗೂ ಅಷ್ಟೇ ಹೋಗಿರುತ್ತದೆ. ಅದರ ಒಂದು ಚೂರು ಕಿತ್ತುಕೊಂಡು ಹೋಗಿ ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡರೆ ಬೇರಿಂಗಿಗೆ ಎಣ್ಣೆ ಸಿಗದೆ ಎಂಜಿನ್ನೇ ಸೀಜ್ ಆಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಎಣ್ಣೆ ನಿಲ್ಲಲಿಲ್ಲ. ಆಗ, "ಕ್ರ್ಯಾಂಕೇ ಹೋಗಿದೆ ಸಾರ್, ಮತ್ತೆ ಇಳಿಸಬೇಕು" ಅಂದರು. ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡ.

ಅವತ್ತು ಮಾರಿಬಿಡೋಣ ಅಂದುಕೊಂಡೆ. ಒಬ್ಬರಿಗೆ ಫೋಟೋ ಕೂಡ ಕಳಿಸಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು, ಪಂಚೆ ಅಂಚಿಗೆ ಒರೆಸಿ, ಮತ್ತೆ ಇಳಿಬಿಟ್ಟು ನೋಡಿ, ಆಮೇಲೆಯೇ ಕೀ ತಿರುಗಿಸುತ್ತಿದ್ದರು. ಅವರ ಪಂಚೆಗಳ ಅಂಚೆಲ್ಲ ಕಂದು ಕಂದು. ಆ ಗಾಡಿಯನ್ನು ಬೇರೆಯವರ ಸೋಮಾರಿತನಕ್ಕೆ ಬಿಟ್ಟುಕೊಡುತ್ತಿದ್ದೇನಲ್ಲ ಅಂತ ರಾತ್ರಿಯೆಲ್ಲ ಹೊಟ್ಟೆ ಉರಿಯಿತು.

ಇವತ್ತು ಬೆಳಿಗ್ಗೆ ಗೆಳೆಯನೊಬ್ಬ ಒಬ್ಬರು ಹಿರಿಯ ಮೆಕ್ಯಾನಿಕ್‌ರನ್ನು ಮನೆಗೇ ಕರೆದುಕೊಂಡು ಬಂದ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಎಂಜಿನ್ನನ್ನು ಸೀಮೆಎಣ್ಣೆ ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿದರು. ಆಮೇಲೆ "ಮನೇಲಿ ಮುಖಕ್ಕೆ ಹಾಕೋ ಪೌಡರ್ ಇದ್ರೆ ಕೊಡಿ ಸಾರ್" ಅಂದರು. ಬ್ಲಾಕ್ ಪಕ್ಕ, ಚೇಂಬರ್ ಅಂಚು, ಎಂಜಿನ್ ಹಿಂದೆ ಕ್ಲಚ್ ಮುಚ್ಚುವ ಬೆಲ್ ಹೌಸಿಂಗ್ ಎಲ್ಲ ಕಡೆ ಉದುರಿಸಿ, ಹದಿನೈದು ನಿಮಿಷ ಗಾಡಿ ಚಾಲೂ ಇಟ್ಟು, ಟಾರ್ಚ್ ಹಿಡಿದು ಕೆಳಗೆ ನುಗ್ಗಿದರು. ನನ್ನನ್ನೂ ಕರೆದರು. ಬಿಳಿ ಪುಡಿಯ ಮೇಲೆ ದಾರದ ಹಾಗೆ ಒಂದು ಕಪ್ಪು ಗೆರೆ. ಅದು ಶುರುವಾಗಿದ್ದು ಹೊಗೆ ಪೈಪು ಕೂರುವ ಮ್ಯಾನಿಫೋಲ್ಡ್ ಕೆಳಗೆ ಅಡಗಿರುವ ಸೈಡ್ ಕವರ್ (ಎಂಜಿನ್ ಪಕ್ಕದ ಮುಚ್ಚಳ) ಅಂಚಿನಲ್ಲಿ. ಅಲ್ಲಿಂದ ಬ್ಲಾಕ್ ಮೇಲೆ ಇಳಿದು ಚೇಂಬರ್ ಅಂಚು ಹಿಡಿದು ಹಿಂದಕ್ಕೆ ಹರಿದಿತ್ತು. ಹಿಂದೆ ತೊಟ್ಟಿಕ್ಕುವುದನ್ನು ಮಾತ್ರ ನೋಡಿದವರು ಹಿಂದೆಯೇ ಸೋರುತ್ತಿದೆ ಅಂದುಕೊಂಡು ಎರಡೆರಡು ಸಲ ಎಂಜಿನ್ ಬಿಚ್ಚಿದ್ದರು.

ಎದ್ದು ಬಂದು ಆಯಿಲ್ ಹಾಕುವ ಮುಚ್ಚಳ ತೆಗೆದರು. ಬುಸ್ ಅಂತ ಗಾಳಿ. "ಇದಕ್ಕೆ ಉಸಿರು ಕಟ್ಟಿದೆ" ಅಂದರು. ಸೈಡ್ ಕವರ್ ಬಿಚ್ಚಿ ಅದರ ಬ್ರೀದರ್ ಪೈಪಿಗೆ ಬಾಯಿಟ್ಟು ಊದಿದರು. ಗಾಳಿ ಆಚೆ ಬರಲಿಲ್ಲ. ಒಳಗಿನ ಜಾಲರಿಯಲ್ಲಿ ವರ್ಷಗಳ ಜಿಡ್ಡು ಹಾಗೇ ಗಟ್ಟಿಯಾಗಿ ಕೂತಿತ್ತು. ಅದನ್ನು ತೊಳೆಯದೆ ಕವರಿಗೆ ಮೇಲಿಂದ ಪೇಂಟ್ ಹೊಡೆದಿದ್ದರು! ಇದನ್ನು ಕಣ್ಣಾರೆ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಎಂಜಿನ್ನಿನ ಹಿಂಭಾಗದಲ್ಲಿ ಈಗಿನ ಕಾರುಗಳ ಹಾಗೆ ರಬ್ಬರ್ ಆಯಿಲ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೆ ಸ್ಕ್ರೂ ತರಹ ಥ್ರೆಡ್ ಕೊರೆದಿರುತ್ತದೆ. ಅದು ತಿರುಗುವಾಗ ಎಣ್ಣೆಯನ್ನು ಚೇಂಬರಿಗೆ ವಾಪಸ್ ತಳ್ಳುತ್ತದೆ. ಸುತ್ತ ಇರುವುದು ಸಣ್ಣ ಸಂದಿ ಅಷ್ಟೇ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಹೊಗೆ ಯಾವಾಗಲೂ ಕೆಳಗೆ ಇಳಿಯುತ್ತದೆ. ಹೊಸ ರಿಂಗ್ ಬೋರಿಗೆ ಹೊಂದಿಕೊಳ್ಳುವ ತನಕ ಇನ್ನೂ ಜಾಸ್ತಿ. ಅದು ಆಚೆ ಹೋಗಲಿ ಅಂತಲೇ ಬ್ರೀದರ್ ಇಟ್ಟಿರುವುದು. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ಸಂದಿ ಸಿಗುತ್ತದೋ ಅಲ್ಲಿಂದ ಎಣ್ಣೆಯನ್ನು ನೂಕುತ್ತದೆ. ಒಂದು ಕಡೆ ಪೇಸ್ಟ್ ಬಳಿದರೆ ಇನ್ನೊಂದು ಕಡೆಯಿಂದ ಬರುತ್ತದೆ. ಇದರ ಜೊತೆಗೆ ಸೈಡ್ ಕವರ್ ಬರೀ ತಗಡು, ನಡುವೆ ಒಂದೇ ಬೋಲ್ಟ್. ಸೋರುತ್ತಿದೆ ಅಂತ ಬಿಗಿದಷ್ಟೂ ನಡುವೆ ತಗ್ಗಿ ಅಂಚು ಮೇಲೇಳುತ್ತದೆ. ನಮ್ಮದು ಹಾಗೇ ಸೊಟ್ಟಗಾಗಿತ್ತು. ಅವರು ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೇರ ಮಾಡಿದರು, ಬ್ರೀದರ್ ತೊಳೆದರು, ಹೊಸ ಕಾರ್ಕ್ ಕೂರಿಸಿ, ಪ್ಯಾಕಿಂಗ್ ಸ್ವಲ್ಪ ಅಮುಕುವಷ್ಟೇ ಬಿಗಿದು ಬಿಟ್ಟರು.

ಈಗ ಕೆಲವರು ಹೇಳುತ್ತಾರೆ, ಇದು ಅಂಬಾಸಿಡರ್‌ಗೆ ಮೂಲವಾದ ಇಂಗ್ಲೆಂಡಿನ ಕಾರು ಮಾರಿಸ್ ಆಕ್ಸ್‌ಫರ್ಡ್ ಕಾಲದ ಡಿಸೈನ್, ಹನಿ ಬೀಳುವುದು ಹುಟ್ಟುಗುಣ ಅಂತ. ರಾತ್ರಿ ಒಂದೆರಡು ಹನಿ ಅಂದರೆ ಒಪ್ಪುತ್ತೇನೆ. ತಟ್ಟೆ ತುಂಬ ಬಿದ್ದರೆ ಒಪ್ಪುವುದಿಲ್ಲ. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾ ಕಾರ್ಖಾನೆ 2014ರಲ್ಲೇ ನಿಂತಿತು, ಬಿಡಿಭಾಗ ಎಲ್ಲಿ ಸಿಗುತ್ತೆ ಅನ್ನುವ ನೆಪವೂ ಬೇಡ. ಇಲ್ಲಿ ಬೇಕಾಗಿದ್ದು ಒಂದು ಕಾರ್ಕ್ ಪ್ಯಾಕಿಂಗ್, ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಪೌಡರ್. ಮತ್ತೆ, ಸೋರಿದ ಎಣ್ಣೆ ನಮ್ಮ ಶೆಡ್ಡಿನಲ್ಲೇ ಇರುವುದಿಲ್ಲ. ಮೊದಲ ಮಳೆಗೆ ರಸ್ತೆ ತಿರುವಿನಲ್ಲಿ ಸ್ಕೂಟರ್ ಜಾರಿ ಬೀಳುವವರು ಯಾರದೋ ಮನೆ ಮಕ್ಕಳು. "ಸೋರುತ್ತೆ ಬಿಡಿ" ಅಂದವರಿಗೆ ಇದು ನೆನಪಾಗುವುದೇ ಇಲ್ಲ.

ಮಧ್ಯಾಹ್ನ ನಂಜನಗೂಡಿನ ತನಕ ಹೋಗಿ ಬಂದೆ. ಬಂದು ಗಾಡಿ ಕೆಳಗೆ ರಟ್ಟು ಹಾಸಿದೆ. ಹಿಂದೆ ಒಣಗಿದೆ. ಮುಂದೆ ಟೈಮಿಂಗ್ ಕವರ್ ಹತ್ತಿರ ಎರಡು ಹನಿ ಇದೆ, ಅಲ್ಲಿನ ಸೀಲ್ ಬದಲಿಸಬೇಕಂತೆ. ಶನಿವಾರ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ಹುಡುಕುತ್ತೇನೆ. ಒಳ್ಳೆ ಸೀಲು ಯಾರ ಹತ್ತಿರ ಸಿಗುತ್ತದೆ ಅಂತ ಗೊತ್ತಿದ್ದವರು ಕೆಳಗೆ ಬರೆಯಿರಿ. ಫೋಟೋ ಕಳಿಸಿದ್ದವರಿಗೆ ಮಾರುವುದಿಲ್ಲ ಅಂತ ಆಗಲೇ ಹೇಳಿಬಿಟ್ಟಿದ್ದೇನೆ.