ಇಂಟೆಲ್ ಮ್ಯಾನ್ಯುಯಲ್‌ಗೆ ದುಡ್ಡು ಕೊಡಬೇಕಿಲ್ಲ

ಇಂಟೆಲ್ ಪ್ರೊಸೆಸರ್‌ಗಳ ಮ್ಯಾನ್ಯುಯಲ್ ಬೇಕಾದರೆ ದುಡ್ಡು ಕಟ್ಟಬೇಕು, ಇಲ್ಲವೇ ಗೋಪ್ಯತೆ ಒಪ್ಪಂದಕ್ಕೆ ಸಹಿ ಹಾಕಬೇಕು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಪ್ರೋಗ್ರಾಂ ಬರೆಯುವವರಿಗೆ ಬೇಕಾದ ನಾಲ್ಕೂ ಸಂಪುಟ ಕಂಪನಿಯ ವೆಬ್‌ಸೈಟಿನಲ್ಲೇ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ಎರಡನೇ ಸಂಪುಟದಲ್ಲಿ, ಸಂಖ್ಯೆಗಳನ್ನು ಕೂಡಿಸುವ 'ಆಡ್' ಸೂಚನೆಯ ಪುಟ ತೆರೆದು ನೋಡಿ. ಆಪ್‌ಕೋಡ್‌ಗಳು (ಸೂಚನೆಯ ಸಂಖ್ಯಾರೂಪಗಳು), ಆ ಸೂಚನೆ ಬದಲಿಸುವ ಆರು ಫ್ಲ್ಯಾಗ್‌ಗಳು (ಫಲಿತಾಂಶ ಹೇಗಿತ್ತೆಂದು ತಿಳಿಸುವ ಬಿಟ್‌ಗಳು), ಎಲ್ಲ ಅಲ್ಲೇ ಇವೆ. ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿಯದೂ ಹೀಗೇ. ಸುಮ್ನೆ ಯಾರಿಗೋ ಯಾಕೆ ಕಾಸು ಕೊಡ್ತೀರಿ?

ಮೊದಲೆಲ್ಲ ಇಂಟೆಲ್ ಅಚ್ಚಾದ ಪುಸ್ತಕಗಳನ್ನೇ ಕೇಳಿದವರಿಗೆ ಉಚಿತವಾಗಿ ಅಂಚೆಯಲ್ಲಿ ಕಳಿಸುತ್ತಿತ್ತು. ಆ ಕಾಲ ಮುಗಿಯಿತು.

ಒಪ್ಪಂದದ ಮಾತು ಪೂರ್ತಿ ಸುಳ್ಳಲ್ಲ ಅನ್ನಿ. ಮದರ್‌ಬೋರ್ಡ್ ವಿನ್ಯಾಸ, ಬಯಾಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಬರೆಯುವ ಕೆಲಸಕ್ಕೆ ಬೇಕಾದ ಕೆಲವು ದಾಖಲೆಗಳಿಗೆ ಸಹಿ ಬೇಕೇ ಬೇಕು. ಪ್ರೊಸೆಸರ್ ಸೂಚನೆಗಳಲ್ಲೇ ಪ್ರೋಗ್ರಾಂ ಬರೆಯುವ ಅಸೆಂಬ್ಲಿ ಭಾಷೆ ಕಲಿಯುವವರಿಗೆ ಅವುಗಳ ಗೊಡವೆ ಇಲ್ಲ.