ಹಬ್ಬದ ಮುಂಚೆ ಮೊಟ್ಟೆ ವಾಸನೆ

ನಮ್ಮ ಮನೆಯಲ್ಲಿ ಒಡವೆ ತೊಳೆಯೋದು ಅತ್ತೆಯವರ ಇಲಾಖೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು ಅಂದರೆ ಹಿತ್ತಲ ಕಟ್ಟೆಯ ಮೇಲೆ ಸಾಮಾನು ಹರಡುತ್ತದೆ. ಚಿನ್ನಕ್ಕೆ ನೆನೆಹಾಕಿದ ಅಂಟುವಾಳಕಾಯಿ. ಬೆಳ್ಳಿಗೆ ವಿಭೂತಿ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು. ಒರೆಸೋಕೆ ಮಾವನವರ ಹಳೇ ಪಂಚೆಯ ತುಂಡು. ಒಂದರ ಮದ್ದನ್ನು ಇನ್ನೊಂದಕ್ಕೆ ಅವರು ಹಾಕಿದ್ದನ್ನು ನಾನಂತೂ ನೋಡಿಲ್ಲ. ಯಾಕೆ ಅಂತ ಕೇಳಿದರೆ, “ಅದು ಹಾಗೇನೇ” ಅಂತಾರೆ. ಅಲ್ಲಿಗೆ ಪಾಠ ಮುಗಿಯಿತು.

ಈ ಸಲ ನಮ್ಮ ಮನೆಯವರ ಫೋನಿಗೆ ಒಂದು ವಿಡಿಯೋ ಬಂತು. ಪಾತ್ರೆಯೊಳಗೆ ಅಲ್ಯೂಮಿನಿಯಂ ಫಾಯಿಲ್ ಹಾಸಬೇಕಂತೆ. ಕುದಿಯೋ ನೀರು ಸುರಿದು ಒಂದಿಷ್ಟು ಅಡುಗೆ ಸೋಡಾ ಹಾಕಬೇಕಂತೆ. ಕಪ್ಪಾದ ಬೆಳ್ಳಿಯನ್ನು ಅದರಲ್ಲಿ ಮುಳುಗಿಸಿದರೆ ಉಜ್ಜದೆಯೇ ಬೆಳ್ಳಗಾಗುತ್ತದಂತೆ. ಇಂಥ ವಿಡಿಯೋಗಳಲ್ಲಿ ಮುಕ್ಕಾಲು ಪಾಲು ಸುಳ್ಳು ಅಲ್ವಾ? ನಮ್ಮ ದುರದೃಷ್ಟಕ್ಕೆ ಇದು ನಿಜವಾಗಿತ್ತು.

ಮೊದಲು ದೇವಿಯ ಬೆಳ್ಳಿ ಮುಖವಾಡವನ್ನೇ ಮುಳುಗಿಸೋಕೆ ಹೊರಟಿದ್ದರು. “ಅಮ್ಮನವರ ಮುಖ ನಿನ್ನ ಪ್ರಯೋಗಕ್ಕಿಟ್ಟಿಲ್ಲ ಕಣೋ” ಅಂತ ಅತ್ತೆ ಕಿತ್ತುಕೊಂಡರು. ಹಾಗಾಗಿ ನನ್ನ ಕಾಲ್ಗೆಜ್ಜೆ ಬಲಿಯಾಯಿತು. ಅದು ಬೀರುವಿನ ಮೂಲೆಯಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ಮಸಿಯಾಗಿ ಕೂತಿತ್ತು. ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಗೂ ಅದಕ್ಕೂ ಆಗಿಬರಲ್ಲ. ಗೆಜ್ಜೆ ನೀರಿಗೆ ಬಿತ್ತು. ಗುಳ್ಳೆ ಎದ್ದವು. ನೋಡನೋಡುತ್ತಾ ಕಪ್ಪು ಕರಗಿ ಬಿಳುಪು ಬಂತು. ಅದರ ಜೊತೆಗೆ ವಾಸನೆಯೂ ಬಂತು.

ದೇವರ ಕೋಣೆಯಿಂದ ಅತ್ತೆ ಓಡಿಬಂದರು. ಮುಖ ಕೆಂಪಗಾಗಿತ್ತು.

“ಹಬ್ಬ ಮುಂದಿಟ್ಕೊಂಡು ಈ ಮನೇಲಿ ಮೊಟ್ಟೆ ಬೇಯಿಸ್ತಿರೋದು ಯಾರು?”

“ಮೊಟ್ಟೆ ಅಲ್ಲಮ್ಮಾ, ಇದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯಿಂದ ಬರೋ ಅನಿಲವೂ ಇದೇ” ಅಂದರು ಇವರು. ಸಮಾಧಾನ ಹೇಳೋ ಕಲೆ ಇವರಿಗೆ ಹುಟ್ಟಿನಿಂದಲೇ ಇಲ್ಲ.

ಆಮೇಲೆ ಪಾಠ ಶುರುವಾಯಿತು. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿಯೇ ಆ ಕಪ್ಪು ಪದರ ಆಗೋದು. ಬಿಸಿ ಸೋಡಾ ನೀರಿನಲ್ಲಿ ಬೆಳ್ಳಿ ಫಾಯಿಲ್‌ಗೆ ತಾಗಿಕೊಂಡಿದ್ದರೆ ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆಗೆ ಹೊರಡುತ್ತದೆ. ಪುಡಿ ಹಾಕಿ ತಿಕ್ಕಿದರೆ ಕಪ್ಪಿನ ಜೊತೆ ಚೂರು ಬೆಳ್ಳಿಯೂ ಸವೆದು ಹೋಗುತ್ತದೆ, ಇದರಲ್ಲಿ ಬೆಳ್ಳಿ ಉಳಿಯುತ್ತದೆ. ಮಾತೆಲ್ಲಾ ಸರಿಯೇ. ಅತ್ತೆ ಮಾತ್ರ ಪಾಠ ಕೇಳಿಸಿಕೊಳ್ಳದೆ ಮನೆ ತುಂಬಾ ಸಾಂಬ್ರಾಣಿ ಹೊಗೆ ಹಾಕಿದರು. ಮೊಟ್ಟೆ, ಸಾಂಬ್ರಾಣಿ ಎರಡೂ ಸೇರಿದ ಆ ವಾಸನೆಯನ್ನು ವರ್ಣಿಸೋದು ಬೇಡ.

ಮೊದಲ ಗೆಲುವು ಕೆಟ್ಟದ್ದು. ಅದರ ಅಮಲಿನಲ್ಲಿ ಇವರು ಕೈಗೆ ಸಿಕ್ಕಿದ್ದನ್ನೆಲ್ಲಾ ಮುಳುಗಿಸೋಕೆ ಶುರುಮಾಡಿದರು. ಮುಂದಿನ ಸರದಿ ಕುಂಕುಮದ ಬಟ್ಟಲಿನದು. ನಮ್ಮ ಗೃಹಪ್ರವೇಶಕ್ಕೆ ಇವರ ಚಿಕ್ಕಮ್ಮ ಕೊಟ್ಟಿದ್ದು. “ಅಚ್ಚ ಬೆಳ್ಳಿ, ಜೋಪಾನ” ಅಂತ ನಾಲ್ಕು ಜನರಿಗೆ ಕೇಳೋ ಹಾಗೆ ಹೇಳಿ ಕೊಟ್ಟಿದ್ದರು. ಬಟ್ಟಲು ನೀರಲ್ಲಿ ಕೂತೇ ಕೂತಿತು. ಗುಳ್ಳೆ ಇಲ್ಲ, ವಾಸನೆ ಇಲ್ಲ, ಬದಲಾವಣೆ ಇಲ್ಲ. ಸೋಡಾ ಜಾಸ್ತಿ ಹಾಕಿದರು. ಹೊಸ ಫಾಯಿಲ್ ಹಾಸಿದರು. ಬಟ್ಟಲು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಕನ್ನಡಕ ಮೂಗಿನ ತುದಿಗೆ ಇಳಿಸಿ ಅದರ ತಳ ನೋಡಿದರು. ಬೆಳ್ಳಿ ಅನ್ನೋದಕ್ಕೆ ಒತ್ತೋ 925 ಗುರುತು ಎಲ್ಲೂ ಇರಲಿಲ್ಲ.

ಜರ್ಮನ್ ಸಿಲ್ವರ್! ಹೆಸರಿನಲ್ಲಿ ಸಿಲ್ವರ್ ಇದೆ ಅನ್ನೋದು ಬಿಟ್ಟರೆ ಅದರಲ್ಲಿ ಇರೋದು ತಾಮ್ರ, ನಿಕಲ್, ಸತು. ಬೆಳ್ಳಿ ಒಂದು ಚೂರೂ ಇರಲ್ಲ. ನೋಡೋಕೆ ಚೆನ್ನಾಗಿರುತ್ತದೆ, ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡೋಕೂ ಅನುಕೂಲ. ತಪ್ಪೇನಿಲ್ಲ. ಆದರೆ ಇಷ್ಟು ವರ್ಷ ಅದನ್ನು ಲಾಕರ್‌ನಲ್ಲಿ ಇಟ್ಟು ಬಾಡಿಗೆ ಕಟ್ಟಿದ್ದೀವಲ್ಲಾ! ಅತ್ತೆ ಬಟ್ಟಲನ್ನು ಕೈಯಲ್ಲಿ ತೂಗಿ ನೋಡಿ, “ನನಗೆ ಅವತ್ತೇ ಗೊತ್ತಿತ್ತು” ಅಂದರು. ಗೊತ್ತಿದ್ದರೆ ಲಾಕರ್‌ಗೆ ಯಾಕೆ ಕಳಿಸಿದಿರಿ ಅಂತ ಕೇಳೋ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ನನ್ನ ಜುಮುಕಿಯ ಕಥೆ ಚಿಕ್ಕದು, ನೋವು ದೊಡ್ಡದು. ಅದು ಆಕ್ಸಿಡೈಸ್ಡ್ ಬೆಳ್ಳಿ. ಕುಸುರಿ ಎದ್ದು ಕಾಣಲಿ ಅಂತ ಬೇಕಂತಲೇ ಕಪ್ಪು ಮಾಡಿಸಿರುತ್ತಾರೆ, ಅದಕ್ಕೇ ಕಾಸು ಜಾಸ್ತಿ ಕೊಟ್ಟಿರುತ್ತೇವೆ. ಆ ಕಪ್ಪೂ ಗಂಧಕದ್ದೇ. ನಾನು ಹಾಲು ಉಕ್ಕದಂತೆ ನೋಡಿ ಬರೋದರೊಳಗೆ ಜುಮುಕಿ ಫಳಫಳ ಹೊಳೆಯುತ್ತಿತ್ತು. ನವಿಲು ಯಾವುದು, ಬಳ್ಳಿ ಯಾವುದು ಒಂದೂ ಗೊತ್ತಾಗುತ್ತಿರಲಿಲ್ಲ. “ನೋಡು, ಹೊಸದರ ಥರ ಆಯ್ತು” ಅಂದರು ಇವರು. ಹೊಸದಿದ್ದಾಗ ಅದು ಕಪ್ಪಗಿತ್ತು ರೀ!

ನಿಜವಾದ ಗಂಡಾಂತರ ಆದದ್ದು ಅತ್ತೆಯ ಗುಂಡಿನ ಸರಕ್ಕೆ. ಚಿನ್ನಕ್ಕೆ ಫಾಯಿಲ್ ಬೇಡ ಅನ್ನೋಷ್ಟು ಜ್ಞಾನ ಇವರಿಗಿತ್ತು. “ಬರೀ ಬಿಸಿ ನೀರು, ಚೂರು ಸೋಪು, ಅಷ್ಟೇ” ಅಂದರು. ಆದರೆ ಬಿಸಿ ಅಂದರೆ ಇವರ ಲೆಕ್ಕದಲ್ಲಿ ಒಲೆಯಿಂದ ಆಗತಾನೆ ಇಳಿಸಿದ್ದು. ಹಳೇ ಕಾಲದ ಗುಂಡು ಗಟ್ಟಿ ಚಿನ್ನವಲ್ಲ. ಮೇಲೆ ತೆಳು ತಗಡು, ನೆಗ್ಗದಿರಲಿ ಅಂತ ಒಳಗೆ ಅರಗು. ಅಷ್ಟು ಬಿಸಿಗೆ ಅರಗು ಮೆತ್ತಗಾಗಿ ತೂತಿನಿಂದ ಹೊರಗೆ ಬರುತ್ತದೆ. ಬಂತು ಕೂಡ. ಬಾಣಲೆಯಲ್ಲಿ ಒಡೆದ ಕಡುಬಿನಿಂದ ಹೂರಣ ಬರೋ ಹಾಗೆ ಕಂದು ಬಣ್ಣದ್ದೇನೋ ನೀರಿಗೆ ಇಳಿಯಿತು.

ಅತ್ತೆ ಕಿರುಚಲಿಲ್ಲ. ಅದೇ ಹೆಚ್ಚು ಭಯವಾಗಿದ್ದು. ಸರವನ್ನು ಚಮಚದಿಂದ ಎತ್ತಿ, ಪಂಚೆಯ ತುಂಡಿನ ಮೇಲೆ ಮಲಗಿಸಿ, “ಇದಕ್ಕಿಂತ ಬೀದೀಲಿ ಬರೋ ಪಾಲಿಶ್‌ನವನೇ ವಾಸಿ” ಅಂದರು.

ಇದು ಅವರ ಬಾಯಲ್ಲಿ ಬರೋ ಅತಿ ದೊಡ್ಡ ಬೈಗುಳ. ಪಾಲಿಶ್‌ನವನು ಅಂದರೆ ಮಧ್ಯಾಹ್ನ ಗಂಡಸರಿಲ್ಲದ ಹೊತ್ತು ನೋಡಿ ಬಾಗಿಲು ತಟ್ಟೋನು. ಮೊದಲು ಹಿತ್ತಾಳೆ ದೀಪ ಪುಕ್ಕಟೆ ಬೆಳಗಿಕೊಡುತ್ತಾನೆ. ನಂಬಿಕೆ ಬಂದಮೇಲೆ ಕತ್ತಿನ ಸರ ಕೇಳುತ್ತಾನೆ. ಅವನ ಡಬ್ಬಿಯಲ್ಲಿರೋದು ನೈಟ್ರಿಕ್, ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದ ರಾಜದ್ರಾವಕ. ಚಿನ್ನ ಅದರಲ್ಲಿ ಕರಗುತ್ತದೆ. ನಿಮಗೆ ಸಿಗೋದು ಹೊಳೆಯೋ ಸರ, ಅವನಿಗೆ ಸಿಗೋದು ಕರಗಿದ ತೂಕ. ಪೊಲೀಸರು ಎಷ್ಟು ಸಲ ಎಚ್ಚರಿಸಿದ್ದಾರೋ, ಪೇಪರಿನಲ್ಲಿ ಎಷ್ಟು ಸಲ ಬಂದಿದೆಯೋ! ನಮ್ಮತ್ತೆ ಅಂಥ ಒಬ್ಬನಿಗೆ ತಳ ಸೀದ ಹಾಲಿನ ಪಾತ್ರೆ ಕೊಟ್ಟು, “ಮೊದಲು ಇದನ್ನ ಬೆಳಗಪ್ಪಾ, ಸರ ಆಮೇಲೆ ನೋಡೋಣ” ಅಂದಿದ್ದರಂತೆ. ಪಾತ್ರೆ ನೋಡಿದವನು ನೀರು ಕೂಡ ಕೇಳದೆ ಹೊರಟನಂತೆ.

ಮುತ್ತಿನ ಓಲೆಯನ್ನು ನಾನೇ ಬಚ್ಚಿಟ್ಟೆ. ಇವರ ಮುಂದಿನ ವಿಡಿಯೋದಲ್ಲಿ ವಿನಿಗರ್ ಇತ್ತು, ಮುತ್ತು ಹುಳಿಗೆ ಕರಗೋ ಜಾತಿ. ಉಳಿದದ್ದು ಬೆಂಡೋಲೆ. ಅದನ್ನು ಅತ್ತೆ ತಮ್ಮ ಕೈಯಾರೆ ಅಂಟುವಾಳದ ನೊರೆಯಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆದಿಟ್ಟಿದ್ದರು. ಕೆಲಸ ಮುಗಿದಿತ್ತು. ಆದರೂ ಇವರು ಸಹಾಯ ಮಾಡಲೇಬೇಕಲ್ಲ. ಸಿಂಕಿನ ನಲ್ಲಿ ಕೆಳಗೆ ಹಿಡಿದು ಜಾಲಿಸಿದರು. ಫಾಯಿಲ್ ಚೂರು ಕಟ್ಟಿಕೊಂಡಿದೆ ಅಂತ ಸಿಂಕಿನ ಜಾಲರಿಯನ್ನು ಅದಕ್ಕೆ ಮುಂಚೆಯೇ ತೆಗೆದಿದ್ದರು. ಟಣ್ ಅಂತ ಸಣ್ಣ ಸದ್ದು. ತಿರುಪು ಹೋಯಿತು.

ಪ್ಲಂಬರ್ ಬಂದ. “ಏನೂ ಯೋಚ್ನೆ ಮಾಡ್ಬೇಡಿ ಅಮ್ಮಾ, ಚಿನ್ನ ಭಾರ, ಎಲ್ಲೂ ಹೋಗಿರಲ್ಲ” ಅಂದ. ಸಿಂಕಿನ ಕೆಳಗಿನ ಬಾಗಿದ ಪೈಪು ಬಿಚ್ಚಿ ಬಕೆಟ್ಟಿಗೆ ಬಗ್ಗಿಸಿದ. ಒಂದು ಹಿಡಿ ಸಾಸಿವೆ, ಅಂಗಿ ಗುಂಡಿ, ಕರಿಬೇವಿನ ಕಡ್ಡಿ, ತಿರುಪು. ಅದರ ಜೊತೆಗೆ ಇನ್ನೊಂದು ಇತ್ತು. ಯಾವಾಗಲೋ ಕಳೆದಿದ್ದ ನನ್ನ ಕಾಲುಂಗುರ! ಮೋರಿಯ ಗಂಧಕ ಕುಡಿದು ಇದ್ದಿಲಿನಷ್ಟು ಕಪ್ಪಾಗಿತ್ತು. ಇವರ ಕಣ್ಣು ಅರಳಿತು. ಯಾರ ಅಪ್ಪಣೆಗೂ ಕಾಯದೆ ಫಾಯಿಲ್ ತಂದರು. ಪ್ಲಂಬರ್ ಸ್ಪ್ಯಾನರ್ ಕೆಳಗಿಟ್ಟು ಪಾತ್ರೆಯ ಮೇಲೆ ಬಗ್ಗಿದ. ಕಾಲುಂಗುರ ಬೆಳ್ಳಗಾಗುತ್ತಾ ಬಂತು.

“ಸಾರ್, ಆ ವಿಡಿಯೋ ನಂಗೂ ಕಳ್ಸಿ. ನಮ್ಮನೇಲಿ ಗೆಜ್ಜೆ ಕರ್ರಗಾಗಿದೆ ಅಂತ ದಿನಾ ರಗಳೆ.”

ಇವರು ಆಗಲೇ ಫೋನ್ ತೆಗೆದಿದ್ದರು. ಅತ್ತೆ ಒಳಗಿನಿಂದಲೇ ಕೂಗಿದರು. “ಗೆಜ್ಜೆ ಮಾತ್ರ ಹಾಕಪ್ಪಾ. ಅವಳ ಬೇರೆ ಒಡವೆ ಮುಟ್ಟೋಕೆ ಹೋಗ್ಬೇಡ. ಕಿಟಕಿ ತೆಗೆದಿಟ್ಕೋ.”